ಅಜ್ಜಿಯ ಸೋಮವಾರದ ತಲೆನೋವು

ನನ್ನ ತವರಿನ ಅಡುಗೆಮನೆಯ ಮೂಲೆಯಲ್ಲಿ, ಒಂದು ಮೊಳೆಗೆ ಕಾಫಿ ಸೋಸುವ ಬಟ್ಟೆ ನೇತಾಡುತ್ತಿತ್ತು. ಅಜ್ಜನ ಹಳೆಯ ಪಂಚೆಯ ತುಂಡು ಅದು. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು. ನನಗೆ ಬುದ್ಧಿ ಬರುವ ಹೊತ್ತಿಗೆ ಹಳೇ ಬೆಲ್ಲದ ಬಣ್ಣ ಹತ್ತಿಸಿಕೊಂಡಿತ್ತು, ಎಷ್ಟು ಒಗೆದರೂ ಅದೇ ಬಣ್ಣದಲ್ಲಿ ಒಣಗುತ್ತಿತ್ತು. ಬೆಳಿಗ್ಗೆ ಅಜ್ಜಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಒಲೆಯ ಮುಂದೆ ಕೂತು ನೀರು ಕಾಯಿಸುತ್ತಿದ್ದಳು. ತೆಂಗಿನ ಗರಿ, ಮಟ್ಟೆ ಉರಿಸಿ ಕಾಯಿಸಿದ ನೀರು. ಅದಕ್ಕೆ ಪುಡಿ ಹಾಕಿ ಇಳಿಸಿ, ತಟ್ಟೆ ಮುಚ್ಚಿ, ನಾವು ಯಾರೂ ಮಾತಾಡಬಾರದು ಅನ್ನುವ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಿದ್ದಳು. ಆಮೇಲೆ ಬಟ್ಟೆಯಲ್ಲಿ ಸೋಸಿ ಹಿಂಡುತ್ತಿದ್ದಳು. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಅಪ್ಪನಿಗೆ, ಅಜ್ಜಿಗೆ, ಮನೆಗೆ ಬಂದ ಅಯ್ಯನವರಿಗೆ. ಅದೇ ಗಸಿಗೆ ಮತ್ತೆ ಬಿಸಿನೀರು ಹೊಯ್ದರೆ ಇಳಿಯುತ್ತಿದ್ದದ್ದು ಅಮ್ಮನಿಗೆ ಮತ್ತು ಕೆಲಸದವರಿಗೆ. ಮಕ್ಕಳಾದ ನನಗೂ ನನ್ನ ತಮ್ಮನಿಗೂ ಹಾಲು ಮಾತ್ರ. ಕಾಫಿ ಕುಡಿದರೆ ಮಕ್ಕಳು ಕಪ್ಪಗಾಗುತ್ತಾರೆ ಅಂತ ಅಜ್ಜಿ ಹೇಳುತ್ತಿದ್ದಳು. ನಾನು ಹುಟ್ಟಿನಿಂದಲೇ ಕಪ್ಪು. ಆದರೂ ಕೊಡುತ್ತಿರಲಿಲ್ಲ.

ಈ ಕಾಫಿ ನಮ್ಮ ಮನೆಗೆ ಬಂದದ್ದು ಕೊಬ್ಬರಿ ಮಾರಿದ ಗಾಡಿಯಲ್ಲಿ. ಅಜ್ಜಿ ಈ ಕತೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಅವಳು ಮದುವೆಯಾಗಿ ಬಂದ ಕಾಲಕ್ಕೆ ಬೆಳಿಗ್ಗೆ ಎಲ್ಲರಿಗೂ ರಾಗಿ ಅಂಬಲಿ, ಮಧ್ಯಾಹ್ನ ಮಜ್ಜಿಗೆ. ಅಜ್ಜ ಕೊಬ್ಬರಿ ತುಂಬಿಕೊಂಡು ತಿಪಟೂರಿನ ಮಂಡಿಗೆ ಹೋದಾಗ ಅಲ್ಲಿಯ ಸಾಹುಕಾರರು ಮಾಲು ತಂದವರನ್ನೆಲ್ಲ ಕೂರಿಸಿ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಡುತ್ತಿದ್ದರಂತೆ. ಮೊದಲ ಸಲ ಅಜ್ಜನಿಗೆ ಅದು ಕಷಾಯದ ಹಾಗೆ ಕಂಡಿತ್ತು. ನಾಲ್ಕೈದು ಸಲ ಆದಮೇಲೆ, ಮಂಡಿಗೆ ಹೋಗದ ದಿನವೂ ಆ ಹೊತ್ತಿಗೆ ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ಓಡಾಡತೊಡಗಿದ. ಕೊನೆಗೆ ಒಂದು ಪೊಟ್ಟಣ ಪುಡಿ ಕಟ್ಟಿಸಿಕೊಂಡು ಬಂದು ಅಜ್ಜಿಯ ಕೈಗೆ ಕೊಟ್ಟ. ಹೇಗೆ ಮಾಡಬೇಕೆಂದು ಅವನಿಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ. ಸಾರಿನ ಪುಡಿ ಹಾಕಿದ ಹಾಗೆ ಹಾಕಿ, ಬೆಲ್ಲದ ಜೊತೆ ಕುದಿಸಿ, ಸೋಸದೆ ಹಾಗೇ ಬಡಿಸಿದಳಂತೆ. ಅಜ್ಜಿಯ ಅತ್ತೆ ಬಾಯಿಯೊಳಗಿನ ಚರಟವನ್ನು ಉಗಿದು, ಮಗನಿಗೆ ಮಂಡಿಯವರು ಮದ್ದು ಹಾಕಿದ್ದಾರೆ ಎಂದು ಅತ್ತರಂತೆ. ಅದಾಗಿ ವರ್ಷ ತುಂಬುವುದರೊಳಗೆ ಅದೇ ಅತ್ತೆ ಮೂರು ಹೊತ್ತು ಲೋಟ ಹಿಡಿದು ಕೂರುವಂತಾದರು. ಊರಿನಲ್ಲೂ ಹಾಗೇ ಆಯಿತು. ಮೊದಲೆಲ್ಲ ದಾರಿಯಲ್ಲಿ ಸಿಕ್ಕವರು ಅಂಬಲಿ ಆಯಿತಾ ಅನ್ನುತ್ತಿದ್ದರಂತೆ. ನಾನು ನೋಡುವಾಗ ಎಲ್ಲರದೂ ಕಾಫಿ ಆಯಿತಾ ಅನ್ನುವ ಮಾತೇ.

ನಮ್ಮ ಊರು ಹೊನ್ನವಳ್ಳಿಗೆ ಹತ್ತಿರ. ಮನೆಯ ಅಟ್ಟದ ತುಂಬ ತೆಂಗಿನಕಾಯಿ ತುಂಬಿರುತ್ತಿತ್ತು. ವರ್ಷದವರೆಗೆ ಅವು ಒಲೆಯ ಹೊಗೆಯಲ್ಲಿ ಒಣಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುವಾಗ ಇಳಿಸಿ ಸುಲಿಸುತ್ತಿದ್ದರು. ಸುಲಿಯುವುದು ಸೋಮವಾರ. ಬಸವಣ್ಣನ ದಿನ ಎಂದು ಅವತ್ತು ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಹಾಗಾಗಿ ಆಳುಗಳ ಕೈ ಬಿಡುವಾಗಿರುತ್ತಿತ್ತು. ಅಂಗಳದಲ್ಲಿ ನೆಲಕ್ಕೆ ಕಬ್ಬಿಣದ ಹಾರೆ ನೆಟ್ಟು ಕರಿಯಪ್ಪ ಕಾಯಿ ಸುಲಿಯುತ್ತಿದ್ದ. ಕರಿಯಪ್ಪ ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ದುಡಿಯುತ್ತಿದ್ದವನು, ದಿನವೂ ಬರುವವನು. ಅವನ ಕಾಫಿಗೆ ಕೊಟ್ಟಿಗೆಯ ಸೂರಿನಲ್ಲಿ ಒಂದು ತೆಂಗಿನ ಚಿಪ್ಪು ಸಿಕ್ಕಿಸಿಟ್ಟಿರುತ್ತಿದ್ದರು. ಅಮ್ಮ ಮೇಲಿನಿಂದ ಹೊಯ್ಯುತ್ತಿದ್ದಳು, ಅವನು ಕುಡಿದು ತೊಳೆದು ಮತ್ತೆ ಸೂರಿಗೆ ಸಿಕ್ಕಿಸುತ್ತಿದ್ದ. ಆಗ ನನಗೆ ಅದರಲ್ಲಿ ಏನೂ ಅನ್ನಿಸಿರಲಿಲ್ಲ. ಈಗ ಮೊಮ್ಮಕ್ಕಳಾದ ನಿಮಗೆಂದು ಬರೆಯುವಾಗ ಕೈ ಸ್ವಲ್ಪ ನಿಲ್ಲುತ್ತದೆ. ಆ ಚಿಪ್ಪು ಹೋಗಿ ಲೋಟ ಬಂದದ್ದು ಬಹಳ ತಡವಾಗಿ.

ಅಜ್ಜಿಯ ತಲೆನೋವಿಗೆ ಅವಳ ಪ್ರಕಾರ ಒಂದು ಮರ ಕಾರಣ. ಹಿತ್ತಲಿನಲ್ಲಿ ಅವಳು ಹೊಸ ಸೊಸೆಯಾಗಿ ಬಂದಾಗ ನೀರು ಹೊಯ್ದು ಬೆಳೆಸಿದ ತೆಂಗಿನ ಮರವೊಂದಿತ್ತು. ಅಡುಗೆಮನೆ ದೊಡ್ಡದು ಮಾಡಬೇಕೆಂದು ಅಜ್ಜ ಅದನ್ನು ಕಡಿಸಿದ, ಅದೂ ಸೋಮವಾರ. ಎತ್ತಿಗೆ ರಜೆ, ಕರಿಯಪ್ಪ ಸಿಗುತ್ತಾನೆ ಅನ್ನುವುದಷ್ಟೇ ಅಜ್ಜನ ಲೆಕ್ಕ. ನಮ್ಮ ಸೀಮೆಯಲ್ಲಿ ಫಲ ಬಿಡುವ ತೆಂಗನ್ನು ಕಡಿಯುವುದೆಂದರೆ ಮನೆಯ ಮಗನಿಗೆ ಕೊಡಲಿ ಹಾಕಿದಂತೆ. ಅವತ್ತು ಗೊನೆ ತುಂಬ ಎಳನೀರಿತ್ತು ಅನ್ನುವುದನ್ನು ಅಜ್ಜಿ ಮರೆಯಲೇ ಇಲ್ಲ. ಆ ಮರವೇ ಸೀಳಿಸಿಕೊಂಡು ಅಡುಗೆಮನೆಯ ತೊಲೆಯಾಯಿತು. ಮುಂದಿನ ವರ್ಷ ಅಜ್ಜ ತೀರಿಕೊಂಡ. ಅಜ್ಜಿ ಸೋಮವಾರದ ಒಪ್ಪೊತ್ತು ಹಿಡಿದಳು. ಬೆಳಗಿನಿಂದ ಒಂದು ಹನಿ ನೀರು ಬಿಟ್ಟರೆ ಏನೂ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕಾಫಿ, ಆಮೇಲೆ ಊಟ. ಹಿಡಿದ ಮೊದಲ ಸೋಮವಾರವೇ ಮಧ್ಯಾಹ್ನಕ್ಕೆ ತಲೆ ಸಿಡಿಯತೊಡಗಿತು. ಕಣ್ಣು ಬಿಡಲಾಗದು, ಬೆಳಕು ಆಗದು, ಕೆಲವು ಸಲ ವಾಂತಿ. ಮರ ಬಿದ್ದದ್ದು ಸೋಮವಾರ, ತಲೆ ನೋಯುವುದೂ ಸೋಮವಾರ. ಯಾರೂ ಬೇರೆ ಕಾರಣ ಹುಡುಕಲಿಲ್ಲ. ಅಜ್ಜಿ ಹಿತ್ತಲಿನಲ್ಲಿ ಒಂದು ಹೊಸ ಸಸಿ ನೆಟ್ಟು, ಅದರ ಬುಡಕ್ಕೆ ನೀರು ಹೊಯ್ದು ಕೈಮುಗಿಯುತ್ತಿದ್ದಳು. ತಲೆನೋವು ಹೋಗಲಿಲ್ಲ. ಮರದ ಸಿಟ್ಟು ಇಳಿಯಲೆಂದು ಗುರುವಾರವೂ ಒಪ್ಪೊತ್ತು ಹಿಡಿದಳು. ಗುರುವಾರವೂ ತಲೆ ನೋಯತೊಡಗಿತು.

ಇದರಿಂದ ಕೆಟ್ಟದ್ದು ನನ್ನ ಸ್ಕೂಲು. ಸೋಮವಾರ ಅಮ್ಮನಿಗೆ ಸುಲಿಯುವವರ ಅಡುಗೆ, ದನ, ಕಾಯಿ. ಅಜ್ಜಿಯ ಪಕ್ಕದಲ್ಲಿ ಕೂರಲು ನಾನೇ ಆಗಬೇಕು. ಗುರುವಾರವೂ ಹಾಗೇ. ಒಣಶುಂಠಿ ತೇಯ್ದು ಹಣೆಗೆ ಹಚ್ಚುವುದು, ಒಣಗಿದ ಮೇಲೆ ಒರೆಸಿ ಮತ್ತೆ ಹಚ್ಚುವುದು, ತಲೆ ಅದುಮುವುದು. ಹೊರಗೆ ಹಾರೆಯ ಮೇಲೆ ಕಾಯಿ ಬೀಳುವ ಒಂದೊಂದು ಸದ್ದಿಗೂ ಅಜ್ಜಿಯ ಹುಬ್ಬು ಗಂಟಾಗುತ್ತಿತ್ತು. ನನ್ನ ತಮ್ಮ ಚೀಲ ಹೊತ್ತು ಹೋಗುತ್ತಿದ್ದ, ಅವನನ್ನು ಯಾರೂ ತಡೆಯುತ್ತಿರಲಿಲ್ಲ. ನಾನು ಏಳನೇ ಕ್ಲಾಸು. ಆ ವರ್ಷ ಪಬ್ಲಿಕ್ ಪರೀಕ್ಷೆ. ಪಾಸಾದರೆ ಹೈಸ್ಕೂಲು, ಫೇಲಾದರೆ ಮನೆ. ಆಗ ಹೆಣ್ಣುಮಕ್ಕಳಿಗೆ ಎರಡನೇ ಸಲ ಕಟ್ಟಿಸುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಮೇಷ್ಟ್ರು ಗಣಿತದ ಹೊಸ ಪಾಠವನ್ನು ಸೋಮವಾರವೇ ಶುರು ಮಾಡುತ್ತಿದ್ದರು. ಮಂಗಳವಾರ ನಾನು ಹೋಗುವ ಹೊತ್ತಿಗೆ ಎಲ್ಲರಿಗೂ ಅರ್ಥವಾಗಿರುತ್ತಿತ್ತು. ನನಗೆ ಅರ್ಥವಾಗಲಿಲ್ಲ ಎಂದು ಕೈಯೆತ್ತುವ ಧೈರ್ಯ ನನಗಿರಲಿಲ್ಲ. ಭಿನ್ನರಾಶಿಯ ಮೇಲೊಂದು ಕೆಳಗೊಂದು ಅಂಕಿ ಯಾಕಿರುತ್ತವೆ ಎಂಬುದೇ ತಿಳಿಯದೆ ಬೋರ್ಡಿನಿಂದ ಅವುಗಳನ್ನು ಚಿತ್ರ ಬರೆದ ಹಾಗೆ ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರು ಅಪ್ಪನಿಗೆ ದಾರಿಯಲ್ಲಿ ಸಿಕ್ಕಾಗ, ಹುಡುಗಿ ವಾರಕ್ಕೆರಡು ದಿನ ತಪ್ಪಿಸಿಕೊಂಡರೆ ಪರೀಕ್ಷೆಗೆ ಕೂರಿಸುವುದೇ ಕಷ್ಟ ಎಂದರಂತೆ. ಅಪ್ಪ ಅದನ್ನು ಊಟದ ಹೊತ್ತಿನಲ್ಲಿ ಅಮ್ಮನಿಗೆ ಹೇಳಿದ. ಇಬ್ಬರೂ ಅಜ್ಜಿಯ ಕೋಣೆಯ ಕಡೆ ನೋಡಿ, ಊಟ ಮುಂದುವರಿಸಿದರು.

ಅಷ್ಟರಲ್ಲಿ ಅಪ್ಪನಿಂದ ಒಂದು ತಪ್ಪಾಯಿತು. ಒಂದು ಮಂಗಳವಾರ ತಿಪಟೂರಿಗೆ ಹೋದವನು ಸೀಮೆಎಣ್ಣೆಯ ಬಾಟಲಿಯನ್ನೂ ಕಾಫಿ ಪುಡಿಯನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ್ದ. ಬಾಟಲಿಯ ಬಿರಡೆ ಸಡಿಲವಾಗಿತ್ತು. ಮನೆಗೆ ಬಂದು ಬಿಚ್ಚಿದರೆ ಪುಡಿಯೆಲ್ಲ ನೆಂದು ಲಾಂದ್ರದ ವಾಸನೆ. ಅಮ್ಮ ಅದನ್ನು ಬಿಸಿಲಿಗೆ ಹರಡಿ ಉಳಿಸಿಕೊಳ್ಳುವ ಯೋಚನೆ ಮಾಡಿದಳು. ಅಜ್ಜಿ ಮೂಗಿನ ಹತ್ತಿರ ಹಿಡಿದು, ತಿಪ್ಪೆಗೆ ಹಾಕು ಎಂದಳು. ಡಬ್ಬದಲ್ಲಿ ಹಳೆಯ ಪುಡಿ ಒಂದು ಚಿಟಿಕೆಯೂ ಇರಲಿಲ್ಲ. ಊರಿನ ಅಂಗಡಿಯಲ್ಲಿ ಬೀಡಿ, ಸೋಪು, ಬೆಲ್ಲ ಸಿಗುತ್ತಿತ್ತೇ ಹೊರತು ಕಾಫಿ ಪುಡಿ ಸಿಗುತ್ತಿರಲಿಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ತರೋಣವೆಂದರೆ, ಬೇಡಿ ತಂದ ಕಾಫಿ ಈ ಮನೆಯಲ್ಲಿ ಕುಡಿಯಕೂಡದು ಎಂದು ಅಜ್ಜಿ. ಹಾಗಾಗಿ ಬುಧವಾರ ಯಾರಿಗೂ ಕಾಫಿ ಇಲ್ಲ. ಎಲ್ಲರೂ ಬೆಳಿಗ್ಗೆ ಮಜ್ಜಿಗೆ ಕುಡಿದು, ಇದೇ ಒಳ್ಳೆಯದು, ಮೈಗೆ ತಂಪು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹತ್ತು ಗಂಟೆಯ ಹೊತ್ತಿಗೆ ಅಪ್ಪ ಹಗ್ಗ ಬಿಚ್ಚಿಕೊಂಡ ಕರುವಿನ ಮೇಲೆ ಕೂಗಾಡುತ್ತಿದ್ದ. ಅಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು ರಾಗಿ ಬೀಸುತ್ತಿದ್ದಳು. ಅವತ್ತು ಹೊಟ್ಟೆ ತುಂಬ ಮುದ್ದೆ ಉಂಡಿದ್ದ ಅಜ್ಜಿ ಮಧ್ಯಾಹ್ನ ಗೋಡೆ ಹಿಡಿದುಕೊಂಡು ಹೋಗಿ ಮಲಗಿದಳು.

ಸ್ಕೂಲಿನಿಂದ ಊಟಕ್ಕೆ ಬಂದವಳನ್ನು ಅಮ್ಮ ಹಿಡಿದು ಶುಂಠಿ ತೇಯಲು ಕೂರಿಸಿದಳು. ಕಲ್ಲು ತೊಳೆಯಲು ಹಿತ್ತಲಿಗೆ ಹೋದರೆ ಕರಿಯಪ್ಪ ತೊಟ್ಟಿಯ ಪಕ್ಕದಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. ಏನಾಯಿತು ಎಂದು ಕೇಳಿದೆ.

"ನಿಮ್ಮನೆ ಕಾಫಿ ಬೀಳಲಿಲ್ವಲ್ಲ ಅಮ್ಮಣ್ಣಿ, ತಲೆ ಹಿಡ್ಕಂಡೈತೆ. ಮಗಳ ಊರಿಗೆ ಹೋದ್ರೂ ಹಿಂಗೇಯ. ಒಂದ್ ಚಿಪ್ಪು ಬಿದ್ರೆ ಬುಟ್ಟೋಯ್ತದೆ."

ಅವನು ಅದನ್ನು ಕಾಲಿಗೆ ಮುಳ್ಳು ಚುಚ್ಚಿದರೆ ಕುಂಟುತ್ತಾರೆ ಅನ್ನುವಷ್ಟು ಸಹಜವಾಗಿ ಹೇಳಿದ. ನಾನು ಕಲ್ಲು ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಆ ಮರವನ್ನು ತನ್ನ ಕೈಯಾರೆ ಕಡಿದವನು ಕರಿಯಪ್ಪ. ಮರಕ್ಕೆ ಸಿಟ್ಟಿದ್ದರೆ ಮೊದಲು ಹಿಡಿಯಬೇಕಾದದ್ದು ಅವನ ತಲೆಯನ್ನು. ಅವನು ಒಂದು ಸೋಮವಾರವೂ ತಲೆನೋವೆಂದು ಕೂತದ್ದನ್ನು ನಾನು ಕಂಡಿರಲಿಲ್ಲ. ಸೋಮವಾರ ಅವನಿಗೆ ಕಾಫಿ ಸಿಗುತ್ತಿತ್ತು. ಅಜ್ಜಿಗೆ ಸಿಗುತ್ತಿರಲಿಲ್ಲ. ಇವತ್ತು ಇಬ್ಬರಿಗೂ ಇಲ್ಲ, ಇಬ್ಬರಿಗೂ ನೋವು. ನನಗೂ ತಮ್ಮನಿಗೂ ಏನೂ ಆಗಿರಲಿಲ್ಲ. ಭಿನ್ನರಾಶಿ ಹೊಳೆಯದ ನನ್ನ ತಲೆಗೆ ಇದು ಹೊಳೆದದ್ದು ನನಗೇ ಆಶ್ಚರ್ಯ. ನಿಮ್ಮಲ್ಲಿ ದೊಡ್ಡವನು ಮೊನ್ನೆ ಫೋನಿನಲ್ಲಿ ನೋಡಿ, ಅದರೊಳಗೆ ಕೆಫೀನ್ ಅಂತ ಇರುತ್ತೆ ಅಜ್ಜಿ, ಅಭ್ಯಾಸವಾದವರು ಒಂದು ದಿನ ಬಿಟ್ಟರೆ ತಲೆನೋವು ಬರುತ್ತೆ ಎಂದು ಓದಿ ಹೇಳಿದನಲ್ಲ, ಆಗ ನಾನು ನಕ್ಕದ್ದು ಇದಕ್ಕೇ. ನನಗೆ ಅದನ್ನು ತೊಟ್ಟಿಯ ಪಕ್ಕದಲ್ಲಿ ಕರಿಯಪ್ಪ ಹೇಳಿ ಆಗಿತ್ತು.

ಹೊಳೆದದ್ದು ಸರಿ, ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ನಾನು ಉಪ್ಪು ಬೇಕು ಎನ್ನುವುದಕ್ಕೂ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದವಳು. ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ಶುಂಠಿ ಹಚ್ಚಿಸಿಕೊಳ್ಳುತ್ತ ಅಜ್ಜಿ ಕಣ್ಣು ಮುಚ್ಚಿಕೊಂಡೇ ಅಂದಳು:

"ಮರ ಈಗ ಬುಧವಾರಕ್ಕೂ ಬಂತು ಕಣೇ ಗಿರ್ಜಿ. ಇನ್ ಬುಧವಾರಾನೂ ಒಪ್ಪೊತ್ತು ಹಿಡೀತೀನಿ."

ಸೋಮ, ಬುಧ, ಗುರು. ಇನ್ನು ವಾರಕ್ಕೆ ಮೂರು ದಿನ ಸ್ಕೂಲು ತಪ್ಪುತ್ತದೆ. ಅಜ್ಜಿಯ ಕಣ್ಣು ಮುಚ್ಚಿದ್ದದ್ದು ನನಗೆ ಅನುಕೂಲವಾಯಿತು. ನೋಡದಿರುವವರ ಮುಂದೆ ಮಾತಾಡುವುದು ಅಷ್ಟು ಕಷ್ಟವಲ್ಲ. ಅವಳ ಹಣೆ ಅದುಮುತ್ತಲೇ ಹೇಳಿದೆ.

"ಮರ ಅಲ್ಲ ಅಜ್ಜಿ. ನೀನು ಕಾಫಿ ಕುಡೀದಿರೋ ದಿನ ನೋಯ್ತದೆ. ಇವತ್ತು ಉಂಡಿದ್ದೀಯ, ಆದ್ರೂ ನೋಯ್ತಾ ಐತೆ. ಕರಿಯಪ್ಪಂಗೂ ನೋಯ್ತಾ ಐತೆ."

ಅಜ್ಜಿ ಕಣ್ಣು ಬಿಟ್ಟಳು. ನನ್ನ ಕೈಯನ್ನು ಹಣೆಯಿಂದ ಎತ್ತಿ ಪಕ್ಕಕ್ಕಿಟ್ಟಳು.

"ಅಂದ್ರೆ ನಾನು ಕುಡುಕರ ಥರ ಅಂತೀಯಾ? ಅದಿಲ್ದಿದ್ರೆ ಬದುಕಾಕಿಲ್ಲ ಅಂತೀಯಾ?"

ಅಜ್ಜಿ ಗೋಡೆಯ ಕಡೆ ತಿರುಗಿಕೊಂಡಳು. ಗುರುವಾರ ನಾನು ಶುಂಠಿ ತೇಯ್ದುಕೊಂಡು ಹೋದಾಗ ಬೇಡವೆಂದು ತಲೆಯಾಡಿಸಿ, ಬರಿ ಹಣೆಯಲ್ಲೇ ಮಲಗಿ ನರಳಿದಳು. ಅಮ್ಮ ವಿಷಯ ತಿಳಿದು, ದೊಡ್ಡವರ ವ್ರತದ ವಿಷಯಕ್ಕೆ ನಿನಗೇಕೆ ಬಾಯಿ ಎಂದು ನನ್ನ ತಲೆಗೆ ಮೊಟಕಿದಳು. ಶುಕ್ರವಾರ ಅಪ್ಪ ಹೊಸ ಪುಡಿ ತಂದ, ಈ ಸಲ ಅಂಗಿಯ ಜೇಬಿನಲ್ಲಿಟ್ಟುಕೊಂಡು. ಅವತ್ತು ಸಂಜೆ ಎಲ್ಲರೂ ಕಾಫಿ ಕುಡಿಯುವಾಗ ಅಜ್ಜಿ ತನ್ನ ಲೋಟವನ್ನು ಅನುಮಾನದಿಂದ ನೋಡಿದಳು. ನೋಡಿ ಕುಡಿದಳು. ಕುಡಿದು ಸ್ವಲ್ಪ ಹೊತ್ತು ಹಣೆ ಮುಟ್ಟಿಕೊಂಡು ಕೂತಳು. ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತು, ಅಂಗಳದಲ್ಲಿ ಚಿಪ್ಪಿನಿಂದ ಕುಡಿಯುತ್ತಿದ್ದ ಕರಿಯಪ್ಪನನ್ನು ಕರೆದಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಏನ್ಲಾ ಕರಿಯ, ಕಾಫಿ ಇಲ್ದಿದ್ರೆ ತಲೆ ನೋಯ್ತದಂತೆ ನಿಂಗೆ?"

"ಊಂ ಕಣವ್ವ. ನೀವೇ ಕಲ್ಸುದ್ರಿ, ಈಗ ನೀವೇ ಕೇಳ್ತೀರ."

"ಹಿತ್ಲು ಮರ ಕಡುದ್ಯಲ್ಲ, ಅವತ್ತು?"

"ಅವತ್ಯಾಕೆ ನೋಯ್ತದೆ? ಮರ ಬೀಳೋದ್ನ ನೋಡಕಾಗಲ್ಲ ಅಂತ ನೀವು ಒಳಗೇ ಕುಂತು ಎಲ್ಡು ಸಲ ಕಾಫಿ ಮಾಡ್ಕಳುಸಿದ್ರಿ. ನಂಗೇನೂ ಆಗ್ಲಿಲ್ಲ."

"ನಾನೂ ಕುಡುದ್ನಾ?"

"ನಂಗೇನ್ ಗೊತ್ತವ್ವ. ಮಾಡ್ದೋರು ಕುಡೀದೆ ಇರ್ತಾರಾ?"

ಅಜ್ಜಿ ಅವತ್ತೆಲ್ಲ ಸಸಿಯ ಪಾತಿ ಸರಿಮಾಡುತ್ತ ಹಿತ್ತಲಿನಲ್ಲೇ ಇದ್ದಳು. ಭಾನುವಾರ ಸಂಜೆ, ಅಪ್ಪ ತೋಟದಿಂದ ಇನ್ನೂ ಬಂದಿರದಾಗ, ನನ್ನನ್ನು ನಡುಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಯನ್ನು ಬಿಳಿ ಬೊಟ್ಟು ಕರಿ ಬೊಟ್ಟು ನೋಡಿ ಹೇಳುತ್ತಿದ್ದಳು.

"ನಾಳೆ ಹೊತ್ತು ಎಷ್ಟೊತ್ಗೆ ಹುಟ್ತದೆ ಅಂತ ಬರ್ದಿರ್ತಾರಂತಲ್ಲ, ಓದು."

ಸಣ್ಣ ಅಕ್ಷರ. ಕುರ್ಚಿ ಹತ್ತಿ ಹುಡುಕಿ ಓದಿದೆ. ಆರು ಗಂಟೆ ನಲವತ್ತೆಂಟು ನಿಮಿಷ.

"ಅಲ್ಲೀವರ್ಗೂ ಯಾವ ವಾರ?"

ನನಗೆ ತಕ್ಷಣ ಹೊಳೆಯಲಿಲ್ಲ. ಸ್ಕೂಲಿನಲ್ಲಿ ನಮಗೆ ದಿನ ನಡುರಾತ್ರಿಗೆ ಬದಲಾಗುತ್ತದೆ ಎಂದು ಹೇಳಿಕೊಟ್ಟಿದ್ದರು. ಅಜ್ಜಿಯ ಮುಖ ನೋಡಿದ ಮೇಲೆ ಗೊತ್ತಾಯಿತು. ಹಿರಿಯರ ಲೆಕ್ಕದಲ್ಲಿ ಹೊತ್ತು ಹುಟ್ಟುವವರೆಗೆ ಹಿಂದಿನ ದಿನವೇ.

"ಭಾನುವಾರ," ಎಂದೆ.

"ಭಾನುವಾರ ನಂಗೆ ವ್ರತ ಇಲ್ವಲ್ಲ," ಎಂದಳು ಅಜ್ಜಿ. ಹೇಳಿ, ಏನೂ ಆಗದವಳಂತೆ ದೀಪಕ್ಕೆ ಬತ್ತಿ ಹೊಸೆಯಲು ಕೂತಳು.

ಮಾರನೆಯ ಬೆಳಿಗ್ಗೆ ಅಜ್ಜಿ ನನ್ನನ್ನು ಎಬ್ಬಿಸುವಾಗ ಅಡುಗೆಮನೆಯಲ್ಲಿ ಆಗಲೇ ಗರಿಯ ಉರಿ ಇತ್ತು. ಚಳಿಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಸೋಸುವ ಬಟ್ಟೆಯ ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು. ನಿನ್ನೆಯ ಪೂಜೆ ಆಗಿದೆ, ಇವತ್ತಿನದು ಇವತ್ತು ಶುರುವಾದ ಮೇಲೆ ಎಂದು ನಾನು ಕೇಳದಿದ್ದರೂ ತಾನೇ ಹೇಳಿದಳು. ಹಿತ್ತಲ ಬಾಗಿಲಿನ ಹೊಸ್ತಿಲ ಹತ್ತಿರ ಪೂರ್ವಕ್ಕೆ ಮುಖ ಮಾಡಿ ಕೂತಳು. ನಾನು ಒಳಗೆ ಹೋಗಿ ಗಡಿಯಾರ ನೋಡಿಕೊಂಡು ಬರುತ್ತೇನೆ ಎಂದರೆ, ಗಡಿಯಾರ ನಿಮ್ಮಪ್ಪನ ಥರ, ಯಾವಾಗ ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ, ಆಕಾಶ ನೋಡು ಎಂದಳು. ತೆಂಗಿನ ತಲೆಗಳ ಹಿಂದೆ ಬೆಳಕು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಅಜ್ಜಿ ಅವಸರವಿಲ್ಲದೆ ಕುಡಿದಳು. ತಳದಲ್ಲಿ ಉಳಿದ ಒಂದು ಗುಟುಕನ್ನು ನನ್ನ ಕಡೆ ನೀಡಿದಳು. ಕಪ್ಪಗಾಗುವ ಮಾತು ಎತ್ತಲಿಲ್ಲ. ಬೆಲ್ಲದ ಸಿಹಿ, ಅದರ ಹಿಂದೆಯೇ ಒಂದು ಕಹಿ. ನಾನು ಕುಡಿದ ಮೊದಲ ಕಾಫಿ ಅದು. ಈಗ ಎಷ್ಟೋ ಥರದ ಲೋಟಗಳಲ್ಲಿ ಕುಡಿದಿದ್ದೇನೆ, ಅಷ್ಟು ಸಣ್ಣ ಕಾಫಿ ಮತ್ತೆ ಕುಡಿದಿಲ್ಲ.

ಆದರೂ ಅವತ್ತು ನಾನು ಸ್ಕೂಲಿಗೆ ಹೋಗಲಿಲ್ಲ. ಅಮ್ಮನಿಗೆ ಈ ಗುಟ್ಟು ಗೊತ್ತಿರಲಿಲ್ಲ, ಸೋಮವಾರವೆಂದು ಎಂದಿನಂತೆ ನನ್ನನ್ನು ಉಳಿಸಿಕೊಂಡಳು. ನನಗೂ ಧೈರ್ಯವಿರಲಿಲ್ಲ. ನನ್ನ ಮಾತು ನಂಬಿ ಅಜ್ಜಿ ಹೀಗೆ ಮಾಡಿದ್ದಾಳೆ. ನೋವು ಬಂದರೆ ಅದು ಮರದ್ದಲ್ಲ, ನನ್ನದು. ಕೋಣೆಯಲ್ಲಿ ಚಾಪೆ ಹಾಸಿದೆ. ಶುಂಠಿ ತೇಯ್ದು ಇಟ್ಟುಕೊಂಡೆ. ಹೊರಗೆ ಕರಿಯಪ್ಪನ ಹಾರೆ ಶುರುವಾಯಿತು. ಅಜ್ಜಿ ಪೂಜೆ ಮುಗಿಸಿದಳು, ಸಸಿಗೆ ನೀರು ಹೊಯ್ದಳು, ಅಂಗಳಕ್ಕೆ ಹೋಗಿ ಕೂತು ಒಡೆದ ಚಿಪ್ಪಿನಿಂದ ಕೊಬ್ಬರಿ ಗಿಟುಕು ಬಿಡಿಸತೊಡಗಿದಳು. ಹತ್ತಾಯಿತು. ಹನ್ನೊಂದಾಯಿತು. ನಾನು ಕಿಟಕಿಯಿಂದ ಅವಳ ಹುಬ್ಬನ್ನೇ ನೋಡುತ್ತಿದ್ದೆ. ಕಲ್ಲಿನ ಮೇಲಿನ ಶುಂಠಿ ಅಂಚಿನಿಂದ ಒಣಗುತ್ತ ಬಂತು. ಎರಡು ಸಲ ನೀರು ಚಿಮುಕಿಸಿ ಮತ್ತೆ ತೇಯ್ದೆ. ಸ್ಕೂಲಿನ ಕಡೆಯಿಂದ ಮಧ್ಯಾಹ್ನದ ಗಂಟೆ ಕೇಳಿಸಿತು. ಸಾಮಾನ್ಯವಾಗಿ ಆ ಹೊತ್ತಿಗೆ ಅಜ್ಜಿ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಅವತ್ತೂ ಎದ್ದಳು, ಒಳಗೆ ಬಂದಳು. ನಾನು ಕಲ್ಲನ್ನು ಎತ್ತಿಕೊಂಡು ನಿಂತೆ. ಅಜ್ಜಿ ಕೋಣೆಯ ಬಾಗಿಲಲ್ಲಿ ನಿಂತು ಹಾಸಿದ ಚಾಪೆ ನೋಡಿದಳು, ಕಲ್ಲು ನೋಡಿದಳು. ತಲೆಯೆತ್ತಿ ಅಡುಗೆಮನೆಯ ತೊಲೆಯನ್ನೂ ಒಂದು ಗಳಿಗೆ ನೋಡಿದಳು. ಮರದ ಸಿಟ್ಟು ಇಳಿದದ್ದು ತನ್ನ ಸಸಿಯಿಂದ ಎಂದೇ ಆಮೇಲೆ ಸಾಯುವವರೆಗೂ ಊರವರಿಗೆ ಹೇಳುತ್ತಿದ್ದಳು, ನಾನೂ ಎದುರಾಡಲಿಲ್ಲ. ಅವತ್ತು ಮಾತ್ರ ನನ್ನ ಕಡೆ ತಿರುಗಿ, ಅಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ಇವತ್ತು ಸೋಮವಾರ ಅಲ್ವೇನೇ? ಸ್ಕೂಲಿಲ್ವಾ ನಿಂಗೆ?"